ಮೇಲ್ಮಹಡಿಯ ಉಪಚಾರ: ದೇಶಕ್ಕೊಂದು ಬಗೆ

ದೊಡ್ಡ ಹೋಟೆಲುಗಳ ಮೇಲಿನ ಮಹಡಿಗಳಲ್ಲೊಂದರಲ್ಲಿ ‘ಎಕ್ಸಿಕ್ಯೂಟಿವ್ ಲೌಂಜ್’ ಎಂಬ ವಿಶಾಲವಾದ ಕೊಠಡಿಯೊಂದು ಇರುತ್ತದೆ. ಕೆಲವೆಡೆ ಅದನ್ನು ‘ಕ್ಲಬ್ ಲೌಂಜ್’ ಎಂದೂ ಕರೆಯುತ್ತಾರೆ. ಬೆಳಿಗ್ಗೆ ತಿಂಡಿ, ಹಗಲೆಲ್ಲ ಕಾಫಿ-ಚಹಾ, ಸಂಜೆ ಎರಡು ಗಂಟೆಗಳ ಕಾಲ ಕುರುಕಲು, ಹಣ್ಣು, ಪಾನೀಯ ಎಲ್ಲವೂ ಅಲ್ಲಿ ದೊರೆಯುತ್ತವೆ. ಬಿಲ್ಲು ಮಾತ್ರ ಬರುವುದಿಲ್ಲ. ಆದರೆ ಹೋಟೆಲಿನಲ್ಲಿ ಇಳಿದುಕೊಂಡವರಿಗೆಲ್ಲ ಅದರ ಬಾಗಿಲು ತೆರೆಯದು. ಹೆಚ್ಚು ಬಾಡಿಗೆ ತೆತ್ತು ‘ಕ್ಲಬ್’ ದರ್ಜೆಯ ಕೋಣೆ ಹಿಡಿದವರಿಗೆ, ಇಲ್ಲವೇ ವರ್ಷದಲ್ಲಿ ಇಂತಿಷ್ಟು ರಾತ್ರಿಗಳನ್ನು ಅದೇ ಸಂಸ್ಥೆಯ ಹೋಟೆಲುಗಳಲ್ಲಿ ಕಳೆದು ಮೇಲ್ದರ್ಜೆಯ ಸದಸ್ಯತ್ವ ಗಳಿಸಿದವರಿಗೆ ಮಾತ್ರ ಅಲ್ಲಿ ಪ್ರವೇಶ.

ಕುಂದಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಮೂರು ದಶಕ ಸಮಾಜ ವಿಜ್ಞಾನ ಕಲಿಸಿದವನಿಗೂ ಇಂಥ ಕೊಠಡಿಗೂ ಎಲ್ಲಿಯ ನಂಟು ಎಂದು ನನ್ನ ವಿದ್ಯಾರ್ಥಿ ಮಿತ್ರರು ನಕ್ಕಾರು. ನಂಟು ಮಗಳ ಕಡೆಯಿಂದ ಬಂದದ್ದು. ಅವಳಿದ್ದದ್ದು ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ, ಗ್ರಾಹಕರ ಊರುಗಳಿಗೆ ಹೋಗಿ ವಾರಗಟ್ಟಲೆ ನಿಲ್ಲಬೇಕಾದ ಹುದ್ದೆಯಲ್ಲಿ. 2017ರಲ್ಲಿ ನಾನು ನಿವೃತ್ತನಾದ ಮೇಲೆ, ಕೆಲಸ ಮುಗಿಯುವ ಹೊತ್ತಿಗೆ ನಾಲ್ಕಾರು ದಿನ ರಜೆ ಸೇರಿಸಿಕೊಂಡು ನಮ್ಮಿಬ್ಬರನ್ನು ಕರೆಸಿಕೊಳ್ಳುವುದನ್ನು ಅವಳು ರೂಢಿ ಮಾಡಿಕೊಂಡಳು. ಹೀಗೆ 2018ರಲ್ಲಿ ಬ್ಯಾಂಕಾಕ್, 2019ರಲ್ಲಿ ಷಿಕಾಗೊ, 2022ರಲ್ಲಿ ಫ್ರಾಂಕ್‌ಫರ್ಟ್, 2023ರಲ್ಲಿ ದುಬೈ ನಗರಗಳನ್ನು ನೋಡುವ ಯೋಗ ನಮಗೆ ಒದಗಿತು. ಎಲ್ಲ ಕಡೆಯೂ ಒಂದೇ ಸಂಸ್ಥೆಯ ಹೆಸರು ಹೊತ್ತ ಹೋಟೆಲುಗಳು, ಒಂದೇ ಸದಸ್ಯತ್ವದ ಕಾರ್ಡು. ಆದರೆ ಮೇಲ್ಮಹಡಿಯ ಬಾಗಿಲಾಚೆ ಕಂಡ ಉಪಚಾರ ಮಾತ್ರ ದೇಶಕ್ಕೊಂದು ಬಗೆ. ಗೋಡೆಗೆ ಭೂಪಟ ತೂಗುಹಾಕಿ ಮಣ್ಣು, ಮಳೆ, ಬೆಳೆ ಎಂದು ಪಾಠ ಹೇಳಿದವನಿಗೆ ಇದೂ ಒಂದು ಬಗೆಯ ಭೂಗೋಳವೆಂದೇ ತೋರಿತು. ಕಂಡದ್ದನ್ನೂ, ಕಾರಣಗಳನ್ನು ಹುಡುಕುತ್ತ ಹೋದಾಗ ತಿಳಿದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನಾವು ತಂಗಿದ ಹೋಟೆಲುಗಳ ಹೆಸರಿಗೆ ಇಲ್ಲಿ ಪ್ರಾಮುಖ್ಯವಿಲ್ಲ. ಆದುದರಿಂದ ಅವನ್ನು ಬರೆದಿಲ್ಲ.

ಮೊದಲು ಸ್ವಲ್ಪ ಇತಿಹಾಸ. ಈ ಪದ್ಧತಿಯ ಬೇರುಗಳಿರುವುದು ಅಮೆರಿಕದಲ್ಲಿ. ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ತನ್ನ ಗಣ್ಯ ಪ್ರಯಾಣಿಕರಿಗಾಗಿ 1939ರಲ್ಲಿ ನ್ಯೂಯಾರ್ಕಿನ ಲಾಗ್ವಾರ್ಡಿಯ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕ ವಿಶ್ರಾಂತಿ ಕೊಠಡಿಯನ್ನು ತೆರೆಯಿತು. ವಿಮಾನಯಾನ ಸಂಸ್ಥೆಗಳ ಇಂಥ ಕೊಠಡಿಗಳಲ್ಲಿ ಅದೇ ಮೊದಲನೆಯದು. 1981ರಲ್ಲಿ ಅದೇ ಸಂಸ್ಥೆ, ಪದೇ ಪದೇ ಪ್ರಯಾಣಿಸುವವರಿಗೆ ಅಂಕಗಳನ್ನು ಕೊಡುವ ಯೋಜನೆಯನ್ನು ಆರಂಭಿಸಿತು. ಎರಡೇ ವರ್ಷಗಳಲ್ಲಿ, ಅಂದರೆ 1983ರಲ್ಲಿ, ಹಾಲಿಡೇ ಇನ್ ಹಾಗೂ ಮ್ಯಾರಿಯಟ್ ಹೋಟೆಲುಗಳು ಅದೇ ದಾರಿ ಹಿಡಿದವು. ವ್ಯಾಪಾರದ ನಿಮಿತ್ತ ಬರುವವರಿಗೆ ಒಂದು ಮಹಡಿಯನ್ನೇ ಮೀಸಲಿಟ್ಟು, ಅಲ್ಲಿಯೇ ಅವರಿಗೊಂದು ಕೂಡುಕೊಠಡಿ ಮಾಡಿಕೊಡುವ ರೂಢಿಯೂ 1970-80ರ ದಶಕಗಳಲ್ಲಿ ಬೆಳೆಯಿತು. ಕ್ರಮೇಣ ಇವೆರಡೂ ಒಂದರೊಳಗೊಂದು ಬೆರೆತುವು. ಈಗ ಮ್ಯಾರಿಯಟ್ ಸಂಸ್ಥೆಯಲ್ಲಿ ವರ್ಷಕ್ಕೆ 50 ರಾತ್ರಿ, ಹಯಾತ್ ಸಂಸ್ಥೆಯಲ್ಲಿ 60 ರಾತ್ರಿ ಕಳೆದವರಿಗೆ ಲೌಂಜಿನ ಬಾಗಿಲು ತಾನಾಗಿ ತೆರೆಯುತ್ತದೆ. ‘ರಾತ್ರಿ’ ಎಂಬ ಈ ಅಳತೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರುತ್ತದೆ.

ಬ್ಯಾಂಕಾಕಿನಲ್ಲಿ ನಮ್ಮ ಅನುಭವ ಹೀಗಿತ್ತು. ನಿಯಮದ ಪ್ರಕಾರ ಸದಸ್ಯರೊಂದಿಗೆ ಒಬ್ಬ ಅತಿಥಿಗೆ ಮಾತ್ರ ಲೌಂಜಿನಲ್ಲಿ ಪ್ರವೇಶ. ನಾವಾದರೋ ಮೂವರು. ಬಾಗಿಲ ಬಳಿ ಇದ್ದ ತರುಣಿ ಕೈಜೋಡಿಸಿ ತಲೆಬಾಗಿ, ನಮ್ಮ ಮೂವರನ್ನೂ ನೋಡಿ, ಮಾತಿಲ್ಲದೆ ಮೂರನೆಯ ಕುರ್ಚಿಯನ್ನು ತಂದಿಟ್ಟಳು. ಒಳಗೆ ಮಾವು, ರಂಬುಟಾನ್, ಮ್ಯಾಂಗೊಸ್ಟೀನ್ ಹಣ್ಣುಗಳ ರಾಶಿ. ತೆಂಗಿನಹಾಲಿನಲ್ಲಿ ಕಲಸಿದ ಅಂಟಕ್ಕಿ ಅನ್ನದ ಮೇಲೆ ಮಾವಿನ ಹೋಳು. ನಾವು ಕೇಳಿದಾಗಲೆಲ್ಲ ಎದುರಿಗೇ ಬಾಣಲೆಯಲ್ಲಿ ತಯಾರಿಸಿಕೊಡುವ ಅಡುಗೆಯವನು. ಅಲ್ಲಿನ ಬಹುತೇಕ ಪಲ್ಯಗಳಿಗೆ ಮೀನಿನ ಸಾರವನ್ನು ಹಾಕುತ್ತಾರೆ. ಸಸ್ಯಾಹಾರಿಗಳು ‘ಜೇ’ ಎಂಬ ಒಂದು ಪದ ಕಲಿತರೆ ಸಾಕೆಂದು ಮಗಳು ಹೇಳಿಕೊಟ್ಟಿದ್ದಳು. ನನ್ನ ಶ್ರೀಮತಿ ಅದನ್ನು ಉಚ್ಚರಿಸಿದೊಡನೆ ಅಡುಗೆಯವನ ಮುಖ ಅರಳಿತು. ಮರುದಿನದಿಂದ ಆಕೆ ಕೇಳುವ ಮೊದಲೇ ಬೇರೆ ಬಾಣಲೆಯಲ್ಲಿ ತರಕಾರಿ ಸಿದ್ಧವಾಗಿರುತ್ತಿತ್ತು. ಸಂಜೆಯ ಹೊತ್ತು ಆ ಕೊಠಡಿಯಲ್ಲಿ ಸೇವೆಗೆ ಎಷ್ಟು ಮಂದಿ ಇದ್ದಾರೆಂದು ಎಣಿಸಿದೆ. ಒಂಬತ್ತು ಮಂದಿ ಇದ್ದರು.

ಮರುವರ್ಷ ಷಿಕಾಗೊ. ಶುಕ್ರವಾರ ಸಂಜೆ ನಾವು ತಲುಪಿದಾಗ ಲೌಂಜಿನ ಬಾಗಿಲಿಗೆ ಬೀಗ. ವಾರಾಂತ್ಯದಲ್ಲಿ ತೆರೆಯುವುದಿಲ್ಲ, ಭಾನುವಾರ ಸಂಜೆ ಬನ್ನಿ ಎಂಬ ಫಲಕವಿತ್ತು. ಈ ಕೊಠಡಿ ಇರುವುದು ಕೆಲಸದ ಮೇಲೆ ಬರುವವರಿಗಾಗಿ. ಶನಿವಾರ ಭಾನುವಾರ ಕುಟುಂಬ ಸಮೇತ ಬರುವವರಿಗೆ ಅದರ ಅಗತ್ಯವಿಲ್ಲವೆಂಬುದು ಅಲ್ಲಿನ ಹಲವು ಹೋಟೆಲುಗಳ ಲೆಕ್ಕಾಚಾರವಂತೆ. ಭಾನುವಾರ ಸಂಜೆ ಹೋದಾಗ ಕಂಡದ್ದು ಚೀಸಿನ ತುಂಡುಗಳು, ಬಿಸ್ಕತ್ತು, ಉದ್ದುದ್ದ ಹೆಚ್ಚಿಟ್ಟ ಹಸಿ ಕ್ಯಾರೆಟ್, ಸೆಲರಿ, ಅವುಗಳನ್ನು ಅದ್ದಿಕೊಳ್ಳಲು ಹಮ್ಮಸ್, ಕೊನೆಗೆ ದೊಡ್ಡ ದೊಡ್ಡ ಚಾಕೊಲೇಟ್ ಕುಕೀಗಳು. ಮದ್ಯ ಬೇಕಾದವರು ದುಡ್ಡು ಕೊಟ್ಟು ಪಡೆಯಬೇಕು. ‘ಇಷ್ಟಕ್ಕೇ ಲೌಂಜ್ ಎನ್ನುತ್ತಾರೆಯೇ? ನಮ್ಮೂರ ಮದುವೆಯಲ್ಲಿ ದಿಬ್ಬಣದವರಿಗೆ ಕೊಡುವ ಪಾನಕ-ಪನಿವಾರವೇ ಇದಕ್ಕಿಂತ ಮೇಲು’ ಎಂದು ನನ್ನ ಶ್ರೀಮತಿ ಕನ್ನಡದಲ್ಲಿ ಉದ್ಗರಿಸಿದಳು.

ಆ ಇಡೀ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬರೇ ಮಹಿಳೆ. ತಟ್ಟೆ ಎತ್ತುವವರೂ ಅವರೇ, ಕಾಫಿ ಯಂತ್ರಕ್ಕೆ ಹಾಲು ತುಂಬುವವರೂ ಅವರೇ. ನಾನು ಮೇಷ್ಟ್ರೆಂದು ತಿಳಿದ ಮೇಲೆ ಎರಡು ಮಾತಾಡಿದರು. ಹಿಂದಿನ ವರ್ಷ, ಅಂದರೆ 2018ರ ಸೆಪ್ಟೆಂಬರಿನಲ್ಲಿ, ಷಿಕಾಗೊದ ಸುಮಾರು ಇಪ್ಪತ್ತೈದು ಹೋಟೆಲುಗಳ ಸಾವಿರಾರು ನೌಕರರು ಮುಷ್ಕರ ಹೂಡಿದ್ದರಂತೆ. ಚಳಿಗಾಲದಲ್ಲಿ ಅತಿಥಿಗಳು ಕಡಿಮೆಯಾಗುತ್ತಾರೆ. ಆಗ ನೌಕರರನ್ನು ತಾತ್ಕಾಲಿಕವಾಗಿ ಮನೆಗೆ ಕಳುಹಿಸುತ್ತಾರೆ. ಅದರೊಂದಿಗೆ ಅವರ ಆರೋಗ್ಯ ವಿಮೆಯೂ ನಿಂತುಹೋಗುತ್ತದೆ. ವರ್ಷದ ಹನ್ನೆರಡು ತಿಂಗಳೂ ವಿಮೆ ಇರಬೇಕೆಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ತಾವೂ ಫಲಕ ಹಿಡಿದು ಬೀದಿಯಲ್ಲಿ ನಡೆದುದನ್ನು ಆ ಮಹಿಳೆ ಹೆಮ್ಮೆಯಿಂದ ಹೇಳಿಕೊಂಡರು. ಗಡಿಯಾರ ಎಂಟು ತೋರಿಸುತ್ತಲೇ ದೀಪ ಸಣ್ಣಗೆ ಮಾಡಿ, ಕೋಟು ತೊಟ್ಟು, ನಮಗೆಲ್ಲ ಶುಭರಾತ್ರಿ ಹೇಳಿ ಹೊರಟುಬಿಟ್ಟರು. ಮೊಮ್ಮಗನ ಹುಟ್ಟುಹಬ್ಬವಿತ್ತಂತೆ.

ಫ್ರಾಂಕ್‌ಫರ್ಟಿನದು ಮೂರನೆಯ ಬಗೆ. ನಮ್ಮೂರಿನ ಸಾಧಾರಣ ಮನೆಯ ಚಾವಡಿಯಷ್ಟು ದೊಡ್ಡ ಕೊಠಡಿ. ಸೇವೆಗೆ ಯಾರೂ ಇಲ್ಲ. ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ ಬಿಯರು, ವೈನು, ಹಣ್ಣಿನ ರಸಗಳನ್ನು ಸಾಲಾಗಿ ಇಟ್ಟಿರುತ್ತಾರೆ; ಬೇಕಾದುದನ್ನು ತಾವೇ ತೆಗೆದುಕೊಳ್ಳಬೇಕು. ನಾಲ್ಕು ಬಗೆಯ ಬ್ರೆಡ್ಡು, ಐದು ಬಗೆಯ ಚೀಸು, ಆಲಿವ್ ಕಾಯಿ, ಉಪ್ಪಿನಲ್ಲಿ ನೆನೆಸಿದ ಸೌತೆ. ಇರುವುದು ಕೊಂಚವಾದರೂ ಅಚ್ಚುಕಟ್ಟು. ಅಲ್ಲಿ ನಿಯಮವೆಂದರೆ ನಿಯಮ. ಕೆಳಗಿನ ಕೌಂಟರಿನ ಯುವಕ ವಿನಯದಿಂದಲೇ, ಮೂರನೆಯವರಿಗೆ ಅವಕಾಶವಿಲ್ಲವೆಂದು ತಿಳಿಸಿದ. ‘ನೀವಿಬ್ಬರೂ ಹೋಗಿ, ನಾನು ಕೋಣೆಯಲ್ಲಿ ಅವಲಕ್ಕಿ ಕಲಸಿಕೊಳ್ಳುತ್ತೇನೆ’ ಎಂದಳು ನನ್ನ ಶ್ರೀಮತಿ. ಮಗಳು ಒಪ್ಪಲಿಲ್ಲ. ಮೂವರೂ ಹೊರಗೆ ಹೋಗಿ, ಬೇಕರಿಯೊಂದರಲ್ಲಿ ಉಪ್ಪುಹರಳು ಮೆತ್ತಿದ ಪ್ರೆಟ್ಸೆಲ್ ಕೊಂಡು, ಮೈನ್ ನದಿಯ ದಂಡೆಯಲ್ಲಿ ಕುಳಿತು ತಿಂದೆವು. ಪ್ರವಾಸದಲ್ಲಿ ನನಗೆ ಅತ್ಯಂತ ರುಚಿಸಿದ ಸಂಜೆಯ ತಿಂಡಿ ಅದೇ.

ಕೊಲ್ಲಿ ದೇಶಗಳ ಸ್ವರೂಪ ಇನ್ನೊಂದು. ಸಸ್ಯಾಹಾರಿಗಳಿಗೆ ದುಬೈಯಂಥ ಸುಖದ ಜಾಗ ನನಗೆ ಬೇರೆ ಸಿಗಲಿಲ್ಲ. ಹಮ್ಮಸ್, ಸುಟ್ಟ ಬದನೆಯ ಮುತಬ್ಬಲ್, ಫಲಾಫೆಲ್, ಬಗೆಬಗೆಯ ಖರ್ಜೂರ, ಏಲಕ್ಕಿ ಹಾಕಿದ ಅರಬ್ಬೀ ಕಾಫಿ. ದುಬೈಯ ಲೌಂಜುಗಳಲ್ಲಿ ಮದ್ಯ ಕೊಡುತ್ತಾರೆ, ಪಕ್ಕದ ಷಾರ್ಜಾ ಸಂಪೂರ್ಣ ಪಾನನಿಷೇಧದ ಸಂಸ್ಥಾನ, ಕುವೈತಿನಲ್ಲಿಯೂ ನಿಷೇಧ. ಅಲ್ಲೆಲ್ಲ ಸಂಜೆಯ ಹೊತ್ತು ಹಣ್ಣಿನ ರಸಗಳ ಮಿಶ್ರಣಗಳೇ ಆ ಸ್ಥಾನವನ್ನು ತುಂಬುತ್ತವೆ. ರಂಜಾನ್ ತಿಂಗಳ ಹಗಲಿನಲ್ಲಿ ಊಟದ ಜಾಗವನ್ನು ಪರದೆಯಿಂದ ಮರೆಮಾಡಬೇಕೆಂಬ ಕಡ್ಡಾಯ ದುಬೈಯಲ್ಲಿ 2021ರವರೆಗೂ ಇತ್ತು. ನಮ್ಮನ್ನು ಉಪಚರಿಸಿದವರಲ್ಲಿ ಫಿಲಿಪ್ಪೀನ್ಸಿನವರು, ನೇಪಾಳದವರು, ಕೇರಳದವರು, ಕೀನ್ಯಾದವರು ಇದ್ದರು. ಆ ನೆಲದವರು ಒಬ್ಬರೂ ಇರಲಿಲ್ಲ.

ನಮ್ಮ ದೇಶದ ಲೌಂಜನ್ನೂ ಒಮ್ಮೆ ಬೆಂಗಳೂರಿನಲ್ಲಿ ನೋಡಿದ್ದೇವೆ. ಬ್ಯಾಂಕಾಕಿನ ಧಾರಾಳತನಕ್ಕೆ ನಮ್ಮ ಒತ್ತಾಯದ ಉಪಚಾರ ಬೆರೆತಂತೆ ಅದು. ಮಸಾಲೆದೋಸೆ ಕೂತಲ್ಲಿಗೇ ಬಿಸಿಬಿಸಿಯಾಗಿ ಬರುತ್ತದೆ. ‘ಇನ್ನೊಂದು ತರಲೇ ಸರ್’ ಎಂದು ಮೂರು ಸಲ ಕೇಳುತ್ತಾರೆ. ಪಾನೀಯದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗುಜರಾತಿನಲ್ಲಿ ಪಾನನಿಷೇಧ ರಾಜ್ಯ ರಚನೆಯಾದಂದಿನಿಂದಲೂ ಇದೆ, ಬಿಹಾರದಲ್ಲಿ 2016ರಿಂದ. ಕರ್ನಾಟಕದಲ್ಲಿಯೂ ಚುನಾವಣೆಯ ಮತದಾನ ಮುಗಿಯುವ ಮುನ್ನಿನ 48 ಗಂಟೆ ಎಂಥ ದೊಡ್ಡ ಹೋಟೆಲಾದರೂ ಮದ್ಯ ಕೊಡುವಂತಿಲ್ಲ.

ಒಂದೇ ಹೆಸರಿನ ಹೋಟೆಲುಗಳಲ್ಲಿ ಇಷ್ಟೊಂದು ಅಂತರವೇಕೆ? ‘ಪೂರ್ವದವರಿಗೆ ಅತಿಥಿ ದೇವರು, ಪಶ್ಚಿಮದವರಿಗೆ ದುಡ್ಡೇ ದೇವರು’ ಎಂದು ನಮ್ಮ ಬಂಧುಗಳಲ್ಲಿ ಹಲವರು ತಟ್ಟನೆ ತೀರ್ಪು ಕೊಟ್ಟರು. ಹೇಳಲು ಹಿತವಾದ ಮಾತು. ಆದರೆ ಪರೀಕ್ಷೆಗೆ ನಿಲ್ಲುವ ಉತ್ತರವಲ್ಲ. ಉತ್ತರದ ಹೆಚ್ಚಿನ ಭಾಗ ನನಗೆ ದೊರೆತದ್ದು ದುಬೈಯಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ.

ನಮ್ಮ ಕಡೆಯ ಹುಡುಗರಿಗೂ ಹೋಟೆಲಿಗೂ ಇರುವ ಸಂಬಂಧವನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೋಟದ ಸಮೀಪದ ಪಾರಂಪಳ್ಳಿಯಿಂದ ಹೊರಟ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲೇ ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ಅವರ ಹಿಂದೆಯೂ ಮುಂದೆಯೂ ಸಾವಿರಾರು ಮಂದಿ ಘಟ್ಟ ಹತ್ತಿದರು, ಮುಂಬಯಿಯ ಬಸ್ಸು ಹಿಡಿದರು. ಈ ಹುಡುಗನೂ ಹಾಗೆಯೇ ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕಾಲೇಜಿನಲ್ಲಿ ಓದಿ, ಆಮೇಲೆ ದುಬೈ ಸೇರಿದವನು. ಅಲ್ಲಿನ ದೊಡ್ಡ ಹೋಟೆಲೊಂದರ ಲೌಂಜಿನಲ್ಲಿ ಈಗ ಮೇಲ್ವಿಚಾರಕ. ನಾವು ಬರುವ ಸುದ್ದಿ ತಿಳಿದು ತನ್ನ ವಾರದ ರಜೆಯ ದಿನ ಬಂದು ಕಾಲಿಗೆ ನಮಸ್ಕರಿಸಿದ. ಮಗಳು ಹೊರಗಿನವರಿಗೆ ನಿಗದಿಯಾದ ಶುಲ್ಕ ಕೊಟ್ಟು ಅವನನ್ನು ನಾವಿದ್ದ ಹೋಟೆಲಿನ ಲೌಂಜಿಗೇ ಕರೆದುಕೊಂಡು ಬಂದಳು. ಅವನನ್ನು ಕೂರಿಸುವುದೇ ಕಷ್ಟವಾಯಿತು. ಯಾರದೋ ಮೇಜಿನ ಮೇಲೆ ಖಾಲಿ ಲೋಟ ಕಂಡರೆ ಎದ್ದು ನಿಲ್ಲುತ್ತಿದ್ದ. ‘ಇಷ್ಟು ವರ್ಷದಲ್ಲಿ ಲೌಂಜಿನ ಕುರ್ಚಿಯ ಮೇಲೆ ಕೂತದ್ದು ಇವತ್ತೇ ಸರ್’ ಎಂದ.

ಅವನು ವಿವರಿಸಿದ್ದನ್ನೂ, ಊರಿಗೆ ಮರಳಿದ ಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ, ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುವಂತೆ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯ ಕಾರಣ, ಲೌಂಜಿಗೆ ಬರುವವರು ಯಾರು ಎಂಬುದು. ಏಷ್ಯಾದ ನಗರಗಳಲ್ಲಿ ಹೆಚ್ಚು ಹಣ ತೆತ್ತು ಕ್ಲಬ್ ಕೋಣೆಯನ್ನೇ ಕೇಳಿ ಪಡೆಯುವವರು ಸಾಕಷ್ಟು ಮಂದಿ ಇದ್ದಾರೆ. ಅಲ್ಲಿ ಲೌಂಜ್ ಎಂಬುದು ಮಾರಾಟದ ಸರಕು; ಸರಕು ಚೆನ್ನಾಗಿಲ್ಲದಿದ್ದರೆ ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಅಮೆರಿಕದಲ್ಲಿ ಲೌಂಜಿಗೆ ಬರುವವರಲ್ಲಿ ಹೆಚ್ಚಿನವರು ಕಾರ್ಡು ತೋರಿಸಿ ಬರುವವರು. ಅಲ್ಲಿ ಅದು ಇನಾಮು. ದುಡ್ಡು ಕೊಟ್ಟು ಕೊಂಡದ್ದಕ್ಕೆ ಆರೈಕೆ ಸಿಗುತ್ತದೆ. ಇನಾಮಾಗಿ ಕೊಡುವುದನ್ನು ಲೆಕ್ಕ ಬರೆಯುವವನು ವರ್ಷವರ್ಷವೂ ಕತ್ತರಿಸುತ್ತಾನೆ. ಸದಸ್ಯತ್ವದ ಯೋಜನೆಗಳ ತವರು ಅಮೆರಿಕವೇ ಆದುದರಿಂದ ಕಾರ್ಡು ಹಿಡಿದವರ ಸಂಖ್ಯೆಯೂ ಅಲ್ಲಿಯೇ ಅಧಿಕ. ಹಿಲ್ಟನ್ ಸಂಸ್ಥೆ 2021ರ ಜುಲೈಯಲ್ಲಿ ಅಮೆರಿಕದ ತನ್ನ ಹೋಟೆಲುಗಳಲ್ಲಿ ಮೇಲ್ದರ್ಜೆಯ ಸದಸ್ಯರಿಗಿದ್ದ ಉಚಿತ ಉಪಾಹಾರದ ಬದಲಿಗೆ ದಿನಕ್ಕಿಷ್ಟು ಡಾಲರ್ ಎಂಬ ಆಹಾರದ ರಿಯಾಯಿತಿಯನ್ನು ಜಾರಿಗೆ ತಂದಿತು. ಇತರ ದೇಶಗಳಲ್ಲಿ ಉಪಾಹಾರವನ್ನು ಹಾಗೆಯೇ ಉಳಿಸಿತು. ಒಂದೇ ಕಾರ್ಡಿಗೆ ದೇಶಕ್ಕೊಂದು ಬೆಲೆ ಎಂಬುದನ್ನು ಸಂಸ್ಥೆಯೇ ಬರವಣಿಗೆಯಲ್ಲಿ ಒಪ್ಪಿಕೊಂಡಂತಾಯಿತು.

ಎರಡನೆಯದು ಒಡೆತನ. ಅಮೆರಿಕದ ಬಹುಪಾಲು ಹೋಟೆಲುಗಳಲ್ಲಿ ಫಲಕದ ಮೇಲಿನ ಹೆಸರು ಒಬ್ಬರದು, ಕಟ್ಟಡ ಹಾಗೂ ವ್ಯವಹಾರ ಇನ್ನೊಬ್ಬರದು. ಹೆಸರನ್ನು ಬಳಸಿಕೊಳ್ಳಲು ಆ ಇನ್ನೊಬ್ಬರು ಶುಲ್ಕ ಕಟ್ಟುತ್ತಾರೆ. ಕುಕೀಯ ಖರ್ಚು ಅವರ ಜೇಬಿನಿಂದಲೇ ಹೋಗುತ್ತದೆ. ಏಷ್ಯಾದ ದೊಡ್ಡ ಹೋಟೆಲುಗಳಲ್ಲಿ ಕಟ್ಟಡ ಬೇರೆಯವರದಾದರೂ ಆಡಳಿತ ಹೆಚ್ಚಾಗಿ ಹೆಸರಿನ ಸಂಸ್ಥೆಯ ಕೈಯಲ್ಲೇ ಇರುವುದರಿಂದ ಹೆಸರು ಕೆಡದಂತೆ ಅದು ಕಾಯುತ್ತದೆ.

ಮೂರನೆಯದು ಕಾನೂನು ಮತ್ತು ಕಟ್ಟಡ. ಬಾಸ್ಟನ್ ನಗರವಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1984ರಿಂದ ಪರವಾನಗಿ ಪಡೆದವರು ಮದ್ಯವನ್ನು ಉಚಿತವಾಗಿ ಕೊಡುವಂತಿಲ್ಲ. ಯುರೋಪಿನಲ್ಲಿ ಎಷ್ಟೋ ಹೋಟೆಲುಗಳು ಲೌಂಜ್ ಎಂಬ ಕಲ್ಪನೆಯೇ ಇಲ್ಲದ ಕಾಲದ ಕಟ್ಟಡಗಳಲ್ಲಿವೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿದರೆ ಅದೇ ಲೌಂಜು. ಏಷ್ಯಾದ ಗಗನಚುಂಬಿಗಳಲ್ಲಿ ನಕ್ಷೆ ಬರೆಯುವಾಗಲೇ ಮೇಲಿನ ಮಹಡಿಯನ್ನು ಅದಕ್ಕಾಗಿ ತೆಗೆದಿರಿಸುತ್ತಾರೆ.

ನಾಲ್ಕನೆಯದು ಕೂಲಿ. 2025ರ ಜುಲೈಯಿಂದ ಬ್ಯಾಂಕಾಕಿನಲ್ಲಿ ಕನಿಷ್ಠ ವೇತನ ದಿನಕ್ಕೆ 400 ಬಾತ್. ಅಂದರೆ ಸುಮಾರು 12 ಡಾಲರ್. ಅದೇ ವರ್ಷ ನ್ಯೂಯಾರ್ಕ್ ನಗರದಲ್ಲಿ ಕನಿಷ್ಠ ವೇತನ ಗಂಟೆಗೆ 16.50 ಡಾಲರ್. ಅಲ್ಲಿಯ ಒಂದು ದಿನದ ದುಡಿಮೆಯ ಕನಿಷ್ಠ ಬೆಲೆ ಇಲ್ಲಿಯ ಒಂದು ಗಂಟೆಯ ಬೆಲೆಗಿಂತ ಕಡಿಮೆ! ಒಂದು ಕೊಠಡಿಗೆ ಒಂಬತ್ತು ಮಂದಿ ಇರುವುದಕ್ಕೂ ಒಬ್ಬರೇ ಇರುವುದಕ್ಕೂ ಈ ಲೆಕ್ಕದಲ್ಲಿ ಉತ್ತರವಿದೆ. ಹಾಗೆಂದು ಎಲ್ಲವನ್ನೂ ಕೂಲಿಯ ತಲೆಗೇ ಕಟ್ಟುವಂತಿಲ್ಲ. ಟೋಕಿಯೊದಲ್ಲಿ 2025ರ ಅಕ್ಟೋಬರಿನಿಂದ ಗಂಟೆಗೆ 1,226 ಯೆನ್, ಸುಮಾರು 8 ಡಾಲರ್, ಕನಿಷ್ಠ ವೇತನವಿದೆ. ಬ್ಯಾಂಕಾಕಿನ ಹಲವು ಪಟ್ಟು. ಆದರೂ ಅಲ್ಲಿನ ಲೌಂಜುಗಳ ಶಿಸ್ತಿಗೆ, ಆದರಕ್ಕೆ ಕುಂದಿಲ್ಲವೆಂದು ಮಗಳು ಹೇಳುತ್ತಾಳೆ. ಅಲ್ಲಿ ಅದರ ಪೂರ್ಣ ಬೆಲೆಯನ್ನು ಅತಿಥಿಯಿಂದ ವಸೂಲು ಮಾಡುತ್ತಾರೆ ಅಷ್ಟೆ.

ಈ ನಾಲ್ಕು ಕಾರಣಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಷಿಕಾಗೊದ ಆ ಒಣ ಕ್ಯಾರೆಟ್ಟಿನ ಬಗ್ಗೆ ನನಗಿದ್ದ ಅಸಮಾಧಾನ ತಗ್ಗಿತು. ಅಲ್ಲಿ ತಟ್ಟೆ ಬಡವಾಗಿತ್ತು. ಆದರೆ ಬಡಿಸಿದವರು ಎಂಟು ಗಂಟೆಗೆ ಮೊಮ್ಮಗನ ಹುಟ್ಟುಹಬ್ಬಕ್ಕೆ ಹೊರಟಿದ್ದರು. ಬ್ಯಾಂಕಾಕಿನಲ್ಲಿ ತಟ್ಟೆ ತುಂಬಿ ತುಳುಕುತ್ತಿತ್ತು. ‘ಜೇ’ ಎಂಬ ಮಾತಿಗೆ ಮುಖ ಅರಳಿಸಿದ ಆ ಅಡುಗೆಯವನ ಆದರ ಸಂಬಳದಿಂದ ಹುಟ್ಟಿದ್ದಲ್ಲವೆಂದು ಈಗಲೂ ನಂಬುತ್ತೇನೆ. ಆದರೆ ಅವನಂಥ ಒಂಬತ್ತು ಮಂದಿಯನ್ನು ಒಂದು ಕೊಠಡಿಯಲ್ಲಿ ನಿಲ್ಲಿಸಲು ಹೋಟೆಲಿಗೆ ಸಾಧ್ಯವಾದದ್ದು ಅವರ ಸಂಬಳ ಕಡಿಮೆಯಾದುದರಿಂದಲೇ. ಈ ಎರಡು ಮಾತುಗಳೂ ಒಟ್ಟಿಗೇ ನಿಜವಾಗಿರಬಲ್ಲವು.

ಅಂದು ದುಬೈಯಲ್ಲಿ ನಡೆದ ಇನ್ನೊಂದು ಮಾತುಕತೆಯನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ಲೌಂಜಿನ ನಿಯಮ, ಅಂಕ, ದರ್ಜೆಗಳ ವಿಷಯ ಬಂದಾಗ ಹುಡುಗ ಮಗಳನ್ನು ಕೇಳಿದ: ‘ಅಕ್ಕ, ಕಳೆದ ವರ್ಷ ನಿಮ್ಮದು ಎಷ್ಟು ರಾತ್ರಿ ಆಯಿತು?’

‘ತೊಂಬತ್ತನಾಲ್ಕು’ ಎಂದಳು ಮಗಳು. ಫೋನಿನಲ್ಲಿಯೇ ಆ ಲೆಕ್ಕ ಕಾಣುತ್ತಿತ್ತು.

ಅವನು ಬೆರಳು ಮಡಚಿ ಏನನ್ನೋ ಎಣಿಸಿದ. ‘ನನ್ನದು ಎಂಟುನೂರರ ಮೇಲಾಯಿತು. ಅಮ್ಮನನ್ನು ನೋಡಿ ಎರಡು ವರ್ಷ ಮೂರು ತಿಂಗಳು’ ಎಂದ. ಮರುಕ್ಷಣವೇ ನಗುತ್ತ, ‘ಎಂತ ಮಾಡುವುದು, ನಮಗೆ ಕಾರ್ಡು ಕೊಡುವುದಿಲ್ಲ ಅಕ್ಕ’ ಎಂದು ಸೇರಿಸಿದ.

ಅವನು ಹೇಳಿದ್ದು ತಮಾಷೆಗೆ. ಆದರೆ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬ್ಯಾಂಕಾಕು, ಷಿಕಾಗೊ ಎಂದು ನಾನು ಹೋಲಿಸುತ್ತ ಕುಳಿತಿದ್ದ ತಟ್ಟೆಗಳೆಲ್ಲ ಮನೆಯಿಂದ ಹೊರಗೆ ಕಳೆದ ರಾತ್ರಿಗಳಿಂದ ಕೊಂಡವು. ಬಡಿಸುವವರ ರಾತ್ರಿಗಳೂ ಅದರಲ್ಲಿ ಸೇರಿವೆ, ತಿನ್ನುವವರ ರಾತ್ರಿಗಳೂ ಸೇರಿವೆ. ಒಬ್ಬರ ರಾತ್ರಿಗೆ ಅಂಕ ಸಿಗುತ್ತದೆ, ಇನ್ನೊಬ್ಬರ ರಾತ್ರಿಗೆ ಸಂಬಳ. ಮಗಳ ಆ ತೊಂಬತ್ತನಾಲ್ಕು ರಾತ್ರಿಗಳಲ್ಲಿ ಒಂದು, ನನ್ನ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಮೊದಲ ಬಾರಿ ವೇದಿಕೆ ಏರಿದ ರಾತ್ರಿ. ನಾನೂ ನನ್ನ ಶ್ರೀಮತಿಯೂ ಮುಂದಿನ ಸಾಲಿನಲ್ಲಿದ್ದೆವು. ಅವಳ ತಾಯಿ ಇರಲಿಲ್ಲ. ಆ ರಾತ್ರಿಯೂ ಕಾರ್ಡಿನ ಲೆಕ್ಕದಲ್ಲಿ ಒಂದು ಅಂಕಿಯಾಗಿ ಜಮೆಯಾಗಿತ್ತು.

ದುಬೈಯಿಂದ ಮರಳುವಾಗ ವಿಮಾನದಲ್ಲಿ ಮಗಳು, ‘ಅಪ್ಪಯ್ಯ, ಪ್ರಯಾಣವಿಲ್ಲದ ಕೆಲಸ ಕೇಳಿದರೆ ಬಡ್ತಿ ಎರಡು ವರ್ಷ ಹಿಂದಕ್ಕೆ ಹೋಗುತ್ತದೆ’ ಎಂದಳು. ಕೇಳು ಎಂದಾಗಲಿ ಬೇಡ ಎಂದಾಗಲಿ ನಾನು ಹೇಳಲಿಲ್ಲ. ಬೆಳೆದ ಮಕ್ಕಳಿಗೆ ತಂದೆಯ ಸಲಹೆಗಿಂತ ತಂದೆಯ ಕಿವಿ ಹೆಚ್ಚು ಬೇಕಾಗಿರುತ್ತದೆಂದು ಅಧ್ಯಾಪಕ ವೃತ್ತಿ ನನಗೆ ಕಲಿಸಿದೆ. ಅದೇ ವರ್ಷದ ನಡುವೆ ಅವಳಾಗಿಯೇ ಕೇಳಿ ಬೆಂಗಳೂರಿನಲ್ಲೇ ಇರುವ ಕೆಲಸಕ್ಕೆ ಬದಲಾದಳು. ಬಡ್ತಿ ತಡವಾದದ್ದೂ ನಿಜ. ಅದರ ಬಗ್ಗೆ ಅವಳಿಗೆ ಆಗಾಗ ಬೇಸರವಾಗುವುದೂ ನಿಜ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ದೇಶವಿದೇಶಗಳನ್ನು ಸುತ್ತುತ್ತಿದ್ದೀರಿ. ನಿಮಗಾಗಿ ಒಂದೆರಡು ಮಾತು. ಅಮೆರಿಕದಲ್ಲಿ ಲೌಂಜಿನ ಆಸೆಗೆ ಹೆಚ್ಚು ಬಾಡಿಗೆ ಕೊಡುವ ಮೊದಲು ವಾರಾಂತ್ಯದಲ್ಲಿ ತೆರೆದಿರುತ್ತದೆಯೇ ಎಂದು ಕೇಳಿ ತಿಳಿಯಿರಿ. 2020ರ ಕೋವಿಡ್ ಕಾಲದಲ್ಲಿ ಮುಚ್ಚಿದ ಕೆಲವು ಲೌಂಜುಗಳು ಮತ್ತೆ ತೆರೆಯಲೇ ಇಲ್ಲ. ಅಲ್ಲಿ ಬಡಿಸಿದವರಿಗೆ ಮೇಜಿನ ಮೇಲೆ ಒಂದೆರಡು ಡಾಲರ್ ಇಡುವುದು ಮರ್ಯಾದೆ. ಜಪಾನಿನಲ್ಲಿ ಹಾಗೆ ಇಟ್ಟರೆ ಹಿಂದೆಯೇ ಓಡಿಬಂದು ಮರಳಿಸುತ್ತಾರೆ. ಮಕ್ಕಳನ್ನು ಕರೆದೊಯ್ಯುವವರು, ಸಂಜೆಯ ಹೊತ್ತು ಅವರನ್ನು ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ಏಷ್ಯಾದಲ್ಲಿ ಕ್ಲಬ್ ಕೋಣೆಗೆ ಕೇಳುವ ಹೆಚ್ಚುವರಿ ಹಣವನ್ನು ಹೊರಗಿನ ಎರಡು ಹೊತ್ತಿನ ತಿಂಡಿಯ ಖರ್ಚಿನೊಂದಿಗೆ ಹೋಲಿಸಿ ನೋಡಿ ನಿರ್ಧರಿಸಿರಿ. ಎಲ್ಲಿ ಹೋದರೂ ಬಡಿಸುವವರ ಎದೆಯ ಮೇಲಿನ ಹೆಸರನ್ನು ಓದಿ, ಆ ಹೆಸರು ಹಿಡಿದು ಮಾತಾಡಿಸಿರಿ. ಯಾವ ಊರು, ಊರಿಗೆ ಹೋಗಿ ಎಷ್ಟು ಕಾಲವಾಯಿತು ಎಂದು ಕೇಳಿರಿ. ನನ್ನ ಅನುಭವದಲ್ಲಿ ಈ ಪ್ರಶ್ನೆಗೆ ಉತ್ತರಿಸದವರು ಯಾರೂ ಇಲ್ಲ.

ಆ ಹುಡುಗ ಇನ್ನೂ ದುಬೈಯಲ್ಲೇ ಇದ್ದಾನೆ. ದುಬೈ ಭೇಟಿಯ ಮರುವರ್ಷ ಮನೆಯ ಮಾಡಿಗೆ ಹೊಸ ಹೆಂಚು ಹೊದೆಸುವ ಸಮಯಕ್ಕೆ ಊರಿಗೆ ಬಂದು ಒಂದು ತಿಂಗಳು ತಾಯಿಯ ಬಳಿ ಇದ್ದು ಹೋದ. ಮಗಳು 2024ರಲ್ಲಿ ಹೋಟೆಲಿನಲ್ಲಿ ಕಳೆದದ್ದು ಹನ್ನೊಂದೇ ರಾತ್ರಿ. 2025ರಲ್ಲಿ ಅವಳ ಕಾರ್ಡಿನ ದರ್ಜೆ ಇಳಿಯಿತು. ಹಾಗೆಂದು ವಿಷಾದ ಸೂಚಿಸಿ, ಮತ್ತೆ ಮೇಲೇರಲು ಇನ್ನೆಷ್ಟು ರಾತ್ರಿ ಬೇಕೆಂಬುದನ್ನೂ ಲೆಕ್ಕಹಾಕಿ ಸಂಸ್ಥೆ ಒಂದು ಇಮೇಲ್ ಕಳುಹಿಸಿತು. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿ, ‘ಅಮ್ಮ, ನೀನು ಫೇಲಾ?’ ಎಂದು ಕೇಳಿದಳು.